ಗ್ರೇಟ್ ವೈಟ್ ಇಲ್ಲದ ಗಾನ್ಸ್‌ಬಾಯ್‌ಗೆ ಡೊಂಬಿವಲಿಯಿಂದ
ಮೊದ್ಲೇ ಹೇಳಿಬಿಡ್ತೇನೆ, ಸೌತ್ ಆಫ್ರಿಕಾದ ಗಾನ್ಸ್‌ಬಾಯಲ್ಲಿ ಈಗ ಗ್ರೇಟ್ ವೈಟ್ ಶಾರ್ಕ್ ಕಾಣೋದು ಬಹಳ ಅಪರೂಪ, ನಾವು ಅದು ಗೊತ್ತಿದ್ದೇ ಹೋದದ್ದು. ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಹೋಟೆಲ್ ನಡೆಸುವ ನಮ್ಮ ಭಾವನಿಗೆ ಪಂಜರದೊಳಗೆ ಇಳಿದು ಶಾರ್ಕ್ ನೋಡ್ಬೇಕಂತ ಎಷ್ಟೋ ವರ್ಷದ ಆಸೆ. ಅತ್ತೆ ಮಾತ್ರ "ಬಾಣಂತಿಗೆ ಮರಿ ತಾಟೆ (ಸಣ್ಣ ಶಾರ್ಕ್) ಪದಾರ್ಥ ಮಾಡಿ ಬಡಿಸುವ ಜನ ನಾವು, ಅದನ್ನೇ ನೋಡ್ಲಿಕ್ಕೆ ಆಫ್ರಿಕಾಕ್ಕೆ ಹೋಗ್ಬೇಕಾ, ಮುಂಬೈಯ ಮೀನು ಬಂದರು ಸಸೂನ್ ಡಾಕಿಗೆ ಹೋದ್ರೆ ಸಾಲದಾ" ಅಂತ ಹೊರಡುವವರೆಗೂ ಹೇಳ್ತಾನೇ ಇದ್ರು.

ಮುಂಬೈಯಿಂದ ಕೇಪ್‌ಟೌನಿಗೆ ನೇರ ಫ್ಲೈಟ್ ಇಲ್ಲ, ಅಡ್ಡಿಸ್ ಅಬಾಬಾ ಮೇಲೆ ಹೋದ್ವಿ. ಕೇಪ್‌ಟೌನಿಂದ ಗಾನ್ಸ್‌ಬಾಯ್‌ಗೆ ಕಾರಲ್ಲಿ ಎರಡು ಗಂಟೆ ಮೇಲೆ ಬೇಕು, ಎಡಬದಿ ಡ್ರೈವಿಂಗ್ ಆದ್ದರಿಂದ ಭಾವನೇ ಓಡಿಸಿದ. ಬೋಟು ಹೊರಡೋದು ಪಕ್ಕದ ಕ್ಲೈನ್‌ಬಾಯ್ ಅನ್ನೋ ಸಣ್ಣ ಬಂದರಿಂದ.

ಗ್ರೇಟ್ ವೈಟ್ ಯಾಕೆ ಇಲ್ಲ ಅಂತೀರಾ, ಅದೇ ಈ ಊರಿನ ದೊಡ್ಡ ಕಥೆ ಮಾರಾಯ್ರೆ. 2017ರಲ್ಲಿ ಇಲ್ಲಿನ ದಡಕ್ಕೆ ಗ್ರೇಟ್ ವೈಟ್ ಹೆಣಗಳು ಬಂದು ಬಿದ್ವು, ನೋಡಿದ್ರೆ ಲಿವರ್ ಮಾಯ, ಉಳಿದದ್ದನ್ನ ಹೆಚ್ಚುಕಮ್ಮಿ ಹಾಗೇ ಬಿಟ್ಟಿತ್ತು. ಎಣ್ಣೆ ತುಂಬಿದ ಆ ಲಿವರಿಗಾಗಿಯೇ ಎರಡು ಓರ್ಕಾ ತಿಮಿಂಗಿಲಗಳು ಕೊಂದದ್ದು, ಒಂದರ ಬೆನ್ನ ರೆಕ್ಕೆ ಎಡಕ್ಕೆ ಇನ್ನೊಂದರದ್ದು ಬಲಕ್ಕೆ ಬಾಗಿದೆ, ಅದಕ್ಕೇ ಅವಕ್ಕೆ ಪೋರ್ಟ್, ಸ್ಟಾರ್‌ಬೋರ್ಡ್ (ಹಡಗಿನವ್ರ ಮಾತಲ್ಲಿ ಎಡ, ಬಲ) ಅಂತ ಹೆಸರು. ಅವು ಬಂದಾಗಲೆಲ್ಲ ಗ್ರೇಟ್ ವೈಟ್‌ಗಳು ಜಾಗ ಖಾಲಿ ಮಾಡ್ತಾ ಹೋದ್ವು. 1991ರಲ್ಲಿ ಗ್ರೇಟ್ ವೈಟ್‌ಗೆ ಕಾನೂನಿನ ರಕ್ಷಣೆ ಕೊಟ್ಟ ಮೊದಲ ದೇಶ ಇದು, ಓರ್ಕಾಕ್ಕೆ ಎಂತ ಕಾನೂನು! ಆದ್ರೆ ಓರ್ಕಾ ಒಂದೇ ಅಲ್ಲ, ಗ್ರೇಟ್ ವೈಟ್ ತಿನ್ನೋ ಸಣ್ಣ ಶಾರ್ಕ್‌ಗಳನ್ನ ಲಾಂಗ್‌ಲೈನ್ (ಉದ್ದ ಹಗ್ಗಕ್ಕೆ ಸಾಲಾಗಿ ಗಾಳ ಕಟ್ಟಿ ಮೀನು ಹಿಡಿಯೋ) ಬೋಟಿನವ್ರು ಹಿಡಿದು ಆಸ್ಟ್ರೇಲಿಯಾಕ್ಕೆ ಫಿಶ್ ಆಂಡ್ ಚಿಪ್ಸಿಗೆ ಕಳಿಸಿದ್ದೂ ಕಾರಣ ಅಂತ ವಾದ ಮಾಡೋರೂ ಇದ್ದಾರೆ. ನನಗೆ ತಕ್ಷಣ ಅತ್ತೆಯ ಪದಾರ್ಥ ನೆನಪಾಯ್ತು, ಬಾಯಿಬಿಟ್ಟು ಹೇಳಲಿಲ್ಲ.

ಪಂಜರ ಅಂದ್ರೆ ಆಳಕ್ಕೆ ಇಳಿಸ್ತಾರೆ ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ, ಹಾಗೇನಿಲ್ಲ, ಬೋಟಿನ ಪಕ್ಕಕ್ಕೇ ಕಟ್ಟಿರ್ತಾರೆ, ಮೇಲ್ಭಾಗ ನೀರಿಂದ ಹೊರಗೇ ಇರುತ್ತೆ. ಸಿಲಿಂಡರ್ ಬೇಡ, ಸ್ಕೂಬಾ ಸರ್ಟಿಫಿಕೇಟ್ ಬೇಡ. ವೆಟ್‌ಸೂಟ್ ಹಾಕಿದ ಭಾವ ಗೋಣಿಯಲ್ಲಿ ತುಂಬಿಸಿದ ತೆಂಗಿನಕಾಯಿ ಹಾಗೆ ಕಾಣ್ತಿದ್ದ. ನೀರು 14 ಡಿಗ್ರಿ ಅಂದ್ರು, ಕಾಲಿಟ್ಟ ಕೂಡ್ಲೇ ಉಸಿರೇ ಕಟ್ಟಿತು. ಆ ಕಡೆ ಹುಡುಗನೊಬ್ಬ ಮೀನೆಣ್ಣೆ, ಅರೆದ ಮೀನು ಕಲಸಿದ ಚಮ್ ಸಮುದ್ರಕ್ಕೆ ಸುರೀತಾನೇ ಇದ್ದ, ಆ ವಾಸನೆಗೆ ಮೇಲೆ ಕೂತವ್ರಲ್ಲಿ ಅರ್ಧ ಜನ ವಾಂತಿ, ಪಂಜರದೊಳಗೆ ಇದ್ದವ್ರೇ ವಾಸಿ.

ಆಮೇಲೆ "ಡೌನ್, ಡೌನ್ ಲೆಫ್ಟ್" ಅಂತ ಮೇಲಿಂದ ಕೂಗು. ಉಸಿರು ಹಿಡಿದು ಮುಳುಗಿದ್ರೆ ಮೊದಲು ಬರೀ ಹಸಿರು ಮಸುಕು, ಅದರೊಳಗಿಂದ ಕಂಚಿನ ಬಣ್ಣದ ಮೈ, ಬ್ರಾಂಜ್ ವೇಲರ್ ಶಾರ್ಕ್, ನನಗಿಂತ ಉದ್ದ, ಹಗ್ಗಕ್ಕೆ ಕಟ್ಟಿದ ಮೀನಿನ ತಲೆ ಹಿಂದೆ ಬಂದು ಪಂಜರಕ್ಕೆ ಬಾಲ ಬಡಿದು ತಿರುಗಿ ಹೋಯ್ತು. ನಮ್ಮ ಕಡೆ ನೋಡಿದ್ದೂ ಇಲ್ಲ, ಅದಕ್ಕೆ ಬೇಕಾದದ್ದು ಮೀನು. ಅದನ್ನೂ ತಿನ್ನಲಿಕ್ಕೆ ಬಿಡ್ಲಿಕ್ಕಿಲ್ಲ, ಬಾಯಿಗೆ ಸಿಗೋ ಮೊದ್ಲೇ ಹಗ್ಗ ಎಳೀತಾರೆ. ಮತ್ತೆ ಮತ್ತೆ ಬಂದ್ವು, ಒಂದೊಂದ್ಸಲ ಎರಡೆರಡು. ಭಯ ಆಯ್ತಾ ಅಂದ್ರೆ ಇಲ್ಲ, ಚಳಿಯೇ ಜಾಸ್ತಿ ಆಯ್ತು. ಭಾವ ಮಾತ್ರ ಪಂಜರದಿಂದ ಮೇಲೆ ಹತ್ತಲಿಕ್ಕೇ ಒಪ್ಪಲಿಲ್ಲ.

ವಾಪಸ್ ಬರುವಾಗ ಗೈಸರ್ ರಾಕ್ ತೋರಿಸಿದ್ರು, ಸುಮಾರು 60,000 ಸೀಲ್‌ಗಳ ಬಂಡೆ, ಪಕ್ಕದಲ್ಲಿ ಡಯರ್ ದ್ವೀಪ, ನಡುವಿನ ನೀರೇ ಶಾರ್ಕ್ ಆಲಿ, ಅಂದ್ರೆ ಗ್ರೇಟ್ ವೈಟ್‌ಗಳು ಸೀಲ್ ಬೇಟೆಯಾಡ್ತಿದ್ದ ಓಣಿ. ಟಿವಿಯಲ್ಲಿ ನೋಡಿದ ಜಾಗ, ಈಗ ಸೀಲ್‌ಗಳು ಆರಾಮಾಗಿ ಈಜ್ತಿದ್ವು.

ಹೋಗುವವ್ರಿಗೆ: ವಾಂತಿ ಮಾತ್ರೆ ಬೋಟು ಹತ್ತೋದಕ್ಕೆ ಸಾಕಷ್ಟು ಮುಂಚೆ ತಗೊಳ್ಳಿ, ಅಲೆ ಜೋರಿದ್ರೆ ಟ್ರಿಪ್ ಕ್ಯಾನ್ಸಲ್ ಆಗುತ್ತೆ, ಒಂದು ದಿನ ಎಕ್ಸ್‌ಟ್ರಾ ಇಟ್ಕೊಳ್ಳಿ. ಶಾರ್ಕ್ ಕಾಣದಿದ್ರೆ ಇನ್ನೊಂದು ಸಲ ಫ್ರೀ ಅಂತ ಕೆಲವ್ರು ವೋಚರ್ ಕೊಡ್ತಾರೆ, ಡೊಂಬಿವಲಿಯವ್ರಿಗೆ ಅದ್ರಿಂದ ಎಂತ ಪ್ರಯೋಜನ ಅಂತ ನೀವೇ ಲೆಕ್ಕ ಹಾಕಿ.