‘ಬಾಕಿ’ ಎಂಬ ಪದ ಮತ್ತು ಹಳೆಯ ಎಂಓ ಕಡತ

ಶಿವಮೊಗ್ಗದಲ್ಲಿ ಅಡಿಕೆ ಮಂಡಿಗಳಿಗೆ ಲೆಕ್ಕದ ತಂತ್ರಾಂಶ ಮಾಡಿಕೊಡುವ ಸಣ್ಣ ಕಚೇರಿ ನಮ್ಮದು. ಬೆಳೆಗಾರರಿಗೆ ಕೊಡುವ ಚೀಟಿಯಲ್ಲಿ ‘ಬ್ಯಾಲೆನ್ಸ್’ ಎಂಬಲ್ಲಿ ಮೊದಲು ‘ಬಾಕಿ’ ಎಂದು ಹಾಕಿದ್ದೆವು. ನಿಘಂಟಿನ ಪ್ರಕಾರ ಅದರಲ್ಲಿ ತಪ್ಪೇನೂ ಇಲ್ಲ. ನಮ್ಮ ಅನುವಾದ ತಿದ್ದಿಕೊಡುವ ತೀರ್ಥಹಳ್ಳಿಯ ನಿವೃತ್ತ ಮೇಷ್ಟ್ರು ಮಾತ್ರ ಒಪ್ಪಲಿಲ್ಲ. “ಮುಂಗಡ ತೆಗೆದುಕೊಂಡು ಮಂಡಿಗೆ ಅಡಿಕೆ ಹಾಕುವ ಜನ ನಮ್ಮ ಕಡೆ ಬಹಳ ಇದ್ದಾರಮ್ಮ. ಬಾಕಿ ಹದಿನೆಂಟು ಸಾವಿರ ಎಂದು ಕಂಡರೆ, ತಾವೇ ಕೊಡಬೇಕು ಎಂದುಕೊಳ್ಳುತ್ತಾರೆ. ‘ನಿಮಗೆ ಬರಬೇಕಾದ ಹಣ’ ಎಂದು ಹಾಕು” ಎಂದರು.

ಅವರು ತಿದ್ದಿದ, ಅನುವಾದಗಳಿರುವ ಪಿಓ ಕಡತ ಅಂದೇ ಬಂತು. ನನ್ನ ಯಂತ್ರದಲ್ಲಿ ಬಿಲ್ಡ್ ಮಾಡಿ, ಅಂದರೆ ಓಡುವ ತಂತ್ರಾಂಶವಾಗಿ ಕಟ್ಟಿ, ಚೀಟಿ ಮುದ್ರಿಸಿ ನೋಡಿದೆ, ಸರಿಯಾಗಿತ್ತು. ಆವೃತ್ತಿ ಬಿಡುಗಡೆಯಾಯಿತು. ವಾರದ ನಂತರ ಒಂದು ಮಂಡಿಗೆ ಹೋದಾಗ, ಹೊಸನಗರದ ಕಡೆಯ ಹಿರಿಯರೊಬ್ಬರು ಚೀಟಿ ಹಿಡಿದು ಗುಮಾಸ್ತರ ಮುಂದೆ ನಿಂತಿದ್ದರು. “ಮುಂಗಡ ಇನ್ನೂ ತೀರಿಲ್ಲವೇ?” ಎಂದು ಮತ್ತೆ ಮತ್ತೆ ಕೇಳುತ್ತಿದ್ದರು. ಚೀಟಿಯಲ್ಲಿ ‘ಬಾಕಿ’ ಎಂದೇ ಇತ್ತು. ವರ್ಷದ ದುಡಿಮೆಯ ಲೆಕ್ಕ ಅದು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಕಾರಣ ಹುಡುಕಲು ಎರಡು ದಿನ ಹಿಡಿಯಿತು. ತಂತ್ರಾಂಶದ ಮಾತುಗಳನ್ನು ಬೇರೆ ಭಾಷೆಗೆ ತರಲು ನಾವು ಬಳಸುವ ಗೆಟ್‌ಟೆಕ್ಸ್ಟ್ ವ್ಯವಸ್ಥೆಯಲ್ಲಿ ಮನುಷ್ಯರು ಬರೆಯುವುದು ಪಿಓ ಕಡತ. ಅದರಿಂದ ಎಂಎಸ್‌ಜಿಎಫ್‌ಎಂಟಿ ಎಂಬ ಸಾಧನ ಎಂಓ ಎಂಬ ಬೈನರಿ (ಯಂತ್ರ ಮಾತ್ರ ಓದಬಲ್ಲ) ಕಡತವನ್ನು ತಯಾರಿಸುತ್ತದೆ. ತಂತ್ರಾಂಶ ಓದುವುದು ಈ ಎರಡನೆಯದನ್ನು. ಕಡತಗಳ ಬದಲಾವಣೆಗಳನ್ನು ಜೋಪಾನವಾಗಿಟ್ಟು ಎಲ್ಲರಿಗೂ ಹಂಚುವ ನಮ್ಮ ಗಿಟ್‌ನಲ್ಲಿ ಎರಡೂ ಇದ್ದವು. ವಿಂಡೋಸ್ ಬಳಸುವ ಸಹೋದ್ಯೋಗಿಯೊಬ್ಬರ ಬಳಿ ಆ ಸಾಧನ ಇಲ್ಲವೆಂದು ಹಿಂದೆಂದೋ ಎಂಓ ಕಡತವನ್ನೂ ಸೇರಿಸಿದ್ದೆವು.

ಬಿಲ್ಡ್ ನಡೆಸುವ ಮೇಕ್ ಎಂಬ ಸಾಧನ, ಕಡತಗಳು ಕೊನೆಯ ಸಲ ಬದಲಾದ ಸಮಯವನ್ನು ಹೋಲಿಸುತ್ತದೆ. ಎಂಓಗಿಂತ ಪಿಓ ಹೊಸದಾಗಿದ್ದರೆ ಮಾತ್ರ ಎಂಓ ಮತ್ತೆ ತಯಾರಾಗುತ್ತದೆ. ಆದರೆ ಗಿಟ್ ಆ ಸಮಯವನ್ನು ಉಳಿಸಿಡುವುದಿಲ್ಲ. ನನ್ನ ಯಂತ್ರದಲ್ಲಿ ಮೇಷ್ಟ್ರ ಪಿಓ ಮಾತ್ರ ಹೊಸದಾಗಿ ಇಳಿದಿತ್ತು, ಹಾಗಾಗಿ ಎಂಓ ಕೂಡ ಹೊಸದಾಯಿತು. ಗಿಟ್‌ನಲ್ಲಿ ಮಾತ್ರ ಹಳೆಯ ಎಂಓ ಹಾಗೆಯೇ ಉಳಿದಿತ್ತು. ಬಿಡುಗಡೆಯ ಆವೃತ್ತಿಯನ್ನು ಕಟ್ಟುವ ಬಿಲ್ಡ್ ಸರ್ವರ್ ಪ್ರತಿ ಸಲವೂ ಗಿಟ್‌ನಿಂದ ಎಲ್ಲವನ್ನೂ ಮೊದಲಿನಿಂದ ಇಳಿಸಿಕೊಳ್ಳುತ್ತದೆ. ಅಲ್ಲಿ ಎರಡೂ ಕಡತಗಳ ಮೇಲೆ ಒಂದೇ ಗಂಟೆ, ಒಂದೇ ನಿಮಿಷ, ಒಂದೇ ಸೆಕೆಂಡು. ಡಿಸ್ಕಿಗೆ ಇಳಿಯುವಾಗ ಎಂಓ ಕೂದಲೆಳೆಯಷ್ಟು ತಡವಾಗಿ ಇಳಿದಿತ್ತು, ಅಷ್ಟಕ್ಕೇ ಅದು ಹೊಸದೆನಿಸಿಕೊಂಡಿತು. ಎಂಓವನ್ನು ಮತ್ತೆ ಪಿಓ ಮಾಡುವ ಎಂಎಸ್‌ಜಿಅನ್‌ಎಫ್‌ಎಂಟಿ ಬಳಸಿ ಅದನ್ನು ಬಿಚ್ಚಿ ನೋಡಿದೆ. ಒಳಗೆ ‘ಬಾಕಿ’ ಹಾಗೆಯೇ ಕುಳಿತಿತ್ತು.

ಎಂಓ ಕಡತಗಳನ್ನೆಲ್ಲ ಗಿಟ್‌ನಿಂದ ತೆಗೆದು, ಗಿಟ್ ಲೆಕ್ಕಕ್ಕೆ ತೆಗೆದುಕೊಳ್ಳಬಾರದ ಕಡತಗಳ ಪಟ್ಟಿಯಾದ ಗಿಟ್‌ಇಗ್ನೋರ್‌ಗೆ ಸೇರಿಸಿದೆ. ಸಹೋದ್ಯೋಗಿಯ ಯಂತ್ರದಲ್ಲಿ ಗೆಟ್‌ಟೆಕ್ಸ್ಟ್ ಸಾಧನಗಳನ್ನು ಹಾಕಲು ಅರ್ಧ ಗಂಟೆ ಸಾಕಾಯಿತು. ಬೈನರಿ ಕಡತದಲ್ಲಿ ಏನು ಬದಲಾಯಿತೆಂದು ಪರಿಶೀಲಿಸುವವರ ಕಣ್ಣಿಗೆ ಕಾಣುವುದೂ ಇಲ್ಲ. ಅದನ್ನು ಗಿಟ್‌ನಲ್ಲಿ ಇಡಲೇಬಾರದು ಎಂಬುದು ಈಗ ನನ್ನ ಖಚಿತ ಅಭಿಪ್ರಾಯ.

ಬಿಲ್ಡ್‌ನಿಂದ ಇನ್ನೊಂದು ಕೆಲಸವನ್ನೂ ಕಿತ್ತುಹಾಕಿದೆ. ತಂತ್ರಾಂಶದ ಹೊಸ ವಾಕ್ಯಗಳನ್ನು ಪಿಓಗೆ ಸೇರಿಸುವ ಎಂಎಸ್‌ಜಿಮರ್ಜ್ ಪ್ರತಿ ಬಿಲ್ಡ್‌ಗೂ ಓಡಿ, ಪಿಓ ಕಡತದಲ್ಲಿ ದಿನಾಂಕ, ಸಾಲುಸಂಖ್ಯೆಗಳು ಬದಲಾಗುತ್ತಿದ್ದವು. ಮೇಷ್ಟ್ರು ಬರೆದದ್ದಕ್ಕೂ ಯಂತ್ರ ಬರೆದದ್ದಕ್ಕೂ ಡಿಕ್ಕಿಯಾಗುತ್ತಿತ್ತು. ಈಗ ಅವರಿಗೆ ಕಡತ ಕಳಿಸುವ ಮುನ್ನ ಮಾತ್ರ ಅದನ್ನು ಕೈಯಾರೆ ಓಡಿಸುತ್ತೇನೆ.

ಹಾಗೆ ಓಡಿಸಿದಾಗ, ಹೊಸ ವಾಕ್ಯಗಳಿಗೆ ಹಳೆಯದನ್ನು ಹೋಲಿಸಿ ಯಂತ್ರ ಊಹಿಸಿದ ಅನುವಾದಗಳಿಗೆ ‘ಫಝಿ’ ಎಂಬ ಗುರುತು ಬೀಳುತ್ತದೆ. ಅವು ಎಂಓ ಕಡತದೊಳಗೆ ಹೋಗುವುದಿಲ್ಲ, ಚೀಟಿಯಲ್ಲಿ ಇಂಗ್ಲಿಷೇ ಉಳಿಯುತ್ತದೆ. ಬಿಡುಗಡೆಗೆ ಮುನ್ನ ಅವುಗಳನ್ನು ಎಣಿಸಿ ಮೇಷ್ಟ್ರಿಗೆ ಪಟ್ಟಿ ಕಳಿಸುತ್ತೇನೆ. ಕಳೆದ ಸಲ ಏಳು ಇದ್ದವು. ತೀರ್ಥಹಳ್ಳಿಯಲ್ಲಿ ಮಳೆಗೆ ಕರೆಂಟು ಹೋಗಿತ್ತು. ಅವರು ಮೊಬೈಲ್‌ನಲ್ಲಿ ಪಟ್ಟಿ ನೋಡಿಕೊಂಡು ಒಂದೊಂದನ್ನೂ ಫೋನಿನಲ್ಲಿ ಎರಡೆರಡು ಸಲ ಓದಿ ಹೇಳಿದರು, ನಾನು ಬರೆದುಕೊಂಡೆ.