ಇಲ್ಲದ ದೇಶದಲ್ಲಿ ಹೆರಾಲ್ಡ್ ಸತ್ತಿದ್ದು ಯಾವಾಗ

ತಮ್ಮದೇ ಒಂದು ದೇಶ ಮಾಡ್ಕೊಂಡು ಆಡೋ ಜನ ಇದಾರೆ, ಮ್ಯಾಪು, ಬಾವುಟ, ನೋಟು, ಪ್ರಧಾನಮಂತ್ರಿಗಳ ಪಟ್ಟಿ ಎಲ್ಲಾ ರೆಡಿ ಮಾಡಿ ಇಟ್ಕೊಂಡಿರ್ತಾರೆ, ಅದು ಹಳೇ ಆಟಾನೇ ಬಿಡಿ, ಮುಂದೆ ಕಾದಂಬರಿ ಬರೆದು ಹೆಸರಾದ ಇಂಗ್ಲೆಂಡಿನ ಬ್ರಾಂಟಿ ಮನೆ ಮಕ್ಕಳು ಹತ್ತೊಂಬತ್ತನೇ ಶತಮಾನದಲ್ಲೇ ಆಂಗ್ರಿಯಾ, ಗೊಂಡಾಲ್ ಅಂತ ರಾಜ್ಯಗಳನ್ನ ಕಟ್ಕೊಂಡು ವರ್ಷಗಟ್ಟಲೆ ಅದರಲ್ಲೇ ಮುಳುಗಿದ್ರು. ಈಗಿನವರಲ್ಲಿ ಒಂದು ಗುಂಪಿಗೆ ಮಾತ್ರ ಯುದ್ಧ, ರಾಜಮನೆತನ ಇದೆಲ್ಲ ಬೇಡ, ಅವರಿಗೆ ಬೇಕಾಗಿರೋದು ಟೀವಿ. ಅವರ ದೇಶದಲ್ಲಿ ಎಷ್ಟು ಚಾನೆಲ್ಲು, ಲೋಗೋ ಯಾವ ವರ್ಷ ಬದಲಾಯ್ತು, ರಾತ್ರಿ ವಾರ್ತೆ ಎಷ್ಟೊತ್ತಿಗೆ, ಮತ್ತೆ ನನಗೆ ತುಂಬಾ ಇಷ್ಟ ಆಗೋದು, ನಿಜವಾಗ್ಲೂ ಇರೋ ಒಂದು ಸೀರಿಯಲ್ ಈ ಇಲ್ಲದ ದೇಶದಲ್ಲಿ ಹೇಗೆ ಪ್ರಸಾರ ಆಯ್ತು ಅನ್ನೋದು. ಯಾವ ಚಾನೆಲ್ ತಗೊಂಡ್ತು, ಯಾವ ಟೈಮಿಗೆ ಹಾಕಿದ್ರು, ಯಾಕೆ ನಿಲ್ಲಿಸಿದ್ರು.

ಈ ಆಟಕ್ಕೆ ಆಸ್ಟ್ರೇಲಿಯಾದ ನೇಬರ್ಸ್ ಅನ್ನೋ ಸೀರಿಯಲ್ ಹೇಳಿ ಮಾಡಿಸಿದ ಹಾಗಿದೆ. ಯಾಕೆ ಅಂದ್ರೆ ಅದರ ನಿಜವಾದ ಚರಿತ್ರೇನೇ ಯಾರೋ ಕೂತು ಕಲ್ಪಿಸಿದ ಹಾಗಿದೆ.

ನೋಡಿ, 1985ರ ಮಾರ್ಚ್ 18ಕ್ಕೆ ಸೆವೆನ್ ನೆಟ್‌ವರ್ಕ್‌ನಲ್ಲಿ ಶುರು ಆಯ್ತು. ಮಾಡಿದ್ದು ರೆಗ್ ವಾಟ್ಸನ್, ಈ ಮನುಷ್ಯ ಅದಕ್ಕೂ ಮುಂಚೆ ಬ್ರಿಟನ್ನಿಗೆ ಹೋಗಿ ಕ್ರಾಸ್‌ರೋಡ್ಸ್ ಅನ್ನೋ ಸೀರಿಯಲ್ ನಡೆಸಿ ಪಳಗಿ ಬಂದವನು. ಕಥೆ ಮೆಲ್ಬರ್ನಿನ ಎರಿನ್ಸ್‌ಬರೋ ಅನ್ನೋ ಬಡಾವಣೆಯ ರಾಮ್ಸೆ ಸ್ಟ್ರೀಟ್ ಅನ್ನೋ ಬೀದಿಯಲ್ಲಿ ನಡೆಯುತ್ತೆ, ಬಡಾವಣೆನೂ ಇಲ್ಲ ಬೀದಿನೂ ಇಲ್ಲ, ಆದ್ರೆ ಶೂಟಿಂಗ್ ಮಾಡ್ತಿದ್ದ ಪಿನ್ ಓಕ್ ಕೋರ್ಟ್ ಅನ್ನೋ ಬೀದಿ ನಿಜವಾಗ್ಲೂ ಇದೆ, ಅಲ್ಲಿ ನಿಜವಾದ ಜನ ಸಂಸಾರ ಮಾಡ್ಕೊಂಡಿದ್ರು, ಬಸ್ಸಲ್ಲಿ ಬಂದ ಟೂರಿಸ್ಟುಗಳು ಅವರ ಮನೆ ಮುಂದೆ ನಿಂತು ಫೋಟೋ ತೆಗೆಸ್ಕೊಂಡು ಹೋಗ್ತಿದ್ರು. ಸೆವೆನ್‌ನವರು ಅದೇ ವರ್ಷವೇ ಸೀರಿಯಲ್ಲನ್ನ ಕೈಬಿಟ್ರು, ಸಿಡ್ನಿಯಲ್ಲಿ ಜನ ನೋಡ್ಲಿಲ್ಲ ಅಂತ. 1986ರ ಜನವರಿಯಲ್ಲಿ ಎದುರಾಳಿ ನೆಟ್‌ವರ್ಕ್ ಟೆನ್ ಅದನ್ನ ಎತ್ಕೊಂಡು ಮುಂದುವರಿಸ್ತು. ಒಂದು ಚಾನೆಲ್ ಬಿಸಾಕಿದ್ದನ್ನ ಇನ್ನೊಂದು ಎತ್ಕೊಂಡು ಮೂವತ್ತೈದು ವರ್ಷದ ಮೇಲೆ ಓಡಿಸಿದೆ ಅಂತ ಯಾರಾದ್ರೂ ಕಲ್ಪನೆಯ ದೇಶದ ಬಗ್ಗೆ ಬರೆದ್ರೆ ಅತಿಯಾಯ್ತಪ್ಪಾ ಅಂತ ನಾನೇ ಅಂತಿದ್ದೆ.

ಆಮೇಲೆ ಬ್ರಿಟನ್ ಕಥೆ. ಬಿಬಿಸಿ ಒನ್ 1986ರ ಅಕ್ಟೋಬರ್ 27ಕ್ಕೆ ಹಗಲು ಹೊತ್ತಿನ ಪ್ರಸಾರ ಶುರು ಮಾಡ್ತು, ಅಷ್ಟುದ್ದದ ಹಗಲು ತುಂಬಿಸೋಕೆ ಏನಾದ್ರೂ ಬೇಕಲ್ಲ, ಅಗ್ಗಕ್ಕೆ ಸಿಕ್ತು ಅಂತ ಇದನ್ನ ಮಧ್ಯಾಹ್ನಕ್ಕೆ ಹಾಕಿದ್ರು. ಮರುಪ್ರಸಾರ ಮಾರನೇ ದಿನ ಬೆಳಿಗ್ಗೆ. ಅಲ್ಲಿಯ ಸ್ಕೂಲ್ ಮಕ್ಕಳಿಗೆ ಇದು ಹುಚ್ಚು ಹಿಡಿಸ್ತು ಅಂತ ಗೊತ್ತಾದ ಮೇಲೆ 1988ರ ಜನವರಿಯಲ್ಲಿ ಆ ಮರುಪ್ರಸಾರವನ್ನ ಸಂಜೆ 5:35ಕ್ಕೆ ತಂದ್ರು. ಅಷ್ಟೇ ಮಾಡಿದ್ದು, ಬೇರೆ ಏನೂ ಇಲ್ಲ, ಅದೇ ಎಪಿಸೋಡು, ಬೇರೆ ಟೈಮು. ಅದೇ ವರ್ಷ ನವೆಂಬರಿನಲ್ಲಿ ಸ್ಕಾಟ್ ಮತ್ತು ಶಾರ್ಲೀನ್ ಮದುವೆ ನೋಡೋಕೆ ಹತ್ತಿರ ಹತ್ತಿರ ಎರಡು ಕೋಟಿ ಜನ ಕೂತಿದ್ರು, ಆ ಪಾತ್ರ ಮಾಡಿದ ಜೇಸನ್ ಡೊನೊವನ್ ಮತ್ತೆ ಕೈಲಿ ಮಿನೋಗ್ ಆಗಿನ್ನೂ ಚಿಕ್ಕವರು. ಆದ್ರೆ ಆ ಮದುವೆ ಆಸ್ಟ್ರೇಲಿಯಾದಲ್ಲಿ ಆಗಿ ಹೋಗಿದ್ದು 1987ರ ಜುಲೈನಲ್ಲಿ! ಬ್ರಿಟನ್ನಿನ ಜನ ಮದುವೆಗೆ ಅಂತ ಕಣ್ಣೊರೆಸಿಕೊಳ್ಳೋ ಹೊತ್ತಿಗೆ ಆ ಹುಡುಗಿ ಸೀರಿಯಲ್ ಬಿಟ್ಟು ಪಾಪ್ ಸ್ಟಾರ್ ಆಗಿಬಿಟ್ಟಿದ್ಲು.

ಕಲ್ಪನೆಯ ದೇಶದವರಲ್ಲಿ ಮುಕ್ಕಾಲು ಪಾಲು ಜನ ತಪ್ಪೋದು ಮೂಲ ಪ್ರಸಾರಕ್ಕಿಂತ ಹೀಗೆ ಹಿಂದೆ ಬೀಳೋ ವಿಷಯದಲ್ಲೇ. ಅವರು ಬರೆಯೋದೆಲ್ಲ ಒಂದೇ ಥರ ಇರುತ್ತೆ, ಇಂಥಾ ವರ್ಷ ಶುರು, ಭಾರೀ ಜನಪ್ರಿಯ, ಈಗಲೂ ಬರ್ತಿದೆ, ಮುಗೀತು. ಎಲ್ಲಾ ದೇಶದಲ್ಲೂ ಎಲ್ಲಾ ಸೀರಿಯಲ್ಲೂ ಹಿಟ್ ಆಗೋಕೆ ಸಾಧ್ಯ ಏನ್ರೀ? ಅಮೆರಿಕದಲ್ಲಿ ಇದೇ ನೇಬರ್ಸನ್ನ 1991ರಲ್ಲಿ ಒಂದ್ಸಲ 2004ರಲ್ಲಿ ಇನ್ನೊಂದ್ಸಲ ಹಾಕಿ ನೋಡಿದ್ರು, ಎರಡು ಸಲನೂ ಯಾರೂ ಮೂಸಿ ನೋಡ್ಲಿಲ್ಲ. ರಷ್ಯಾದಲ್ಲಿ ಅಮೆರಿಕದ ಸಾಂಟಾ ಬಾರ್ಬರಾ 1992ರ ಜನವರಿಯಲ್ಲಿ ಶುರು ಆಯ್ತು, ಸೋವಿಯತ್ ಒಕ್ಕೂಟ ಮುರಿದು ಬಿದ್ದು ವಾರ ಕಳೆದಿತ್ತು ಅಷ್ಟೇ, ಅದೂ ಮೊದಲನೇ ಎಪಿಸೋಡಿಂದ ಅಲ್ಲ, ನಡುವಿಂದ, ಯಾರು ಯಾರ ಮಗ ಅಂತ ಗೊತ್ತಿಲ್ದೇ ಇಡೀ ದೇಶ ನೋಡ್ತಾ ಕೂತ್ಕೊಂಡ್ತು, ಹತ್ತು ವರ್ಷ ಆದ್ಮೇಲೆ ಪೂರ್ತಿ ಮುಗಿಸದೇ ನಿಲ್ಲಿಸಿಬಿಟ್ರು. ಇಟಲಿಯಲ್ಲಿ ದಿ ಬೋಲ್ಡ್ ಅಂಡ್ ದಿ ಬ್ಯೂಟಿಫುಲ್ 1990ರಲ್ಲಿ ರಾಯ್ ಅನ್ನೋ ಸರ್ಕಾರಿ ಸಂಸ್ಥೆಯ ಚಾನೆಲ್ಲಲ್ಲಿ ಶುರುವಾಗಿ 1994ರಲ್ಲಿ ಖಾಸಗಿ ಕನಾಲೆ 5ಕ್ಕೆ ಹಾರಿತು. ಇಂಥಾ ಒರಟು ಅಂಚು ಇರ್ಬೇಕು. ನಡುವಿಂದ ಶುರು ಆಗ್ಬೇಕು, ಚಾನೆಲ್ ಬದಲಾಗ್ಬೇಕು, ಯಾರೋ ಅಧಿಕಾರಿಗೆ ತಲೆ ಕೆಡಬೇಕು, ಆಗ ಆ ದೇಶ ಇದೆ ಅನ್ಸುತ್ತೆ.

ಅದಕ್ಕೇ ನಾನೂ ಒಂದು ದೇಶ ಮಾಡ್ದೆ. ಹೆಸರು ಟೆರ್ವಾಲ. ಚಿಕ್ಕ ದೇಶ, ಎರಡು ಭಾಷೆ, ಸರ್ಕಾರದ್ದು ಒಂದೇ ಚಾನೆಲ್. ಬಾವುಟ ಇನ್ನೂ ಮಾಡಿಲ್ಲ, ಅದು ಯಾರಿಗೆ ಬೇಕು. ಚಾನೆಲ್ಲಿಗೆ ದುಡ್ಡಿಲ್ಲ ಅನ್ನೋದು ಒಂದೇ ನಿಯಮ ಇಟ್ಕೊಂಡೆ. 1987ರ ಜನವರಿಯಲ್ಲಿ ಇವರು ನೇಬರ್ಸ್ ತಗೊಂಡ್ರು, ಮೊದಲನೇ ಎಪಿಸೋಡಿಂದ, ಆದ್ರೆ ಡಬ್ಬಿಂಗ್ ಮಾಡೋ ತಾಕತ್ತಿಲ್ಲ. ಪೋಲೆಂಡಿನಲ್ಲಿ ಒಂದು ಪದ್ಧತಿ ಇದೆ, ಹಿಂದೆ ಮೂಲ ದನಿ ಮೆಲ್ಲಗೆ ಕೇಳಿಸ್ತಾ ಇರುತ್ತೆ, ಅದರ ಮೇಲೆ ಒಬ್ಬನೇ ಒಬ್ಬ ಗಂಡಸು ಎಲ್ಲರ ಮಾತನ್ನೂ ಒಂದೇ ಸಪ್ಪೆ ದನಿಯಲ್ಲಿ ಓದ್ತಾ ಹೋಗ್ತಾನೆ, ಹೆಂಗಸು, ಗಂಡಸು, ಮಗು ಎಲ್ಲಾ ಅವನೇ. ಟೆರ್ವಾಲದಲ್ಲೂ ಹಾಗೇ. ಅವನು ರೇಡಿಯೋದಲ್ಲಿ ಹವಾಮಾನ ವರದಿ ಓದ್ತಿದ್ದವನು, ವಾರಕ್ಕೆ ಮೂರು ಎಪಿಸೋಡ್ ಓದೋಕಷ್ಟೇ ಅವನಿಗೆ ಪುರುಸೊತ್ತು. ಹಾಗಾಗಿ ಟೆರ್ವಾಲದಲ್ಲಿ ನೇಬರ್ಸ್ ವಾರಕ್ಕೆ ಮೂರು ದಿನ.

ಈಗ ಲೆಕ್ಕ ನೋಡಿ, ಇಲ್ಲೇ ಇರೋದು ಮಜಾ. ಆಸ್ಟ್ರೇಲಿಯಾದಲ್ಲಿ ವಾರಕ್ಕೆ ಐದು ಎಪಿಸೋಡ್, ಬೇಸಿಗೆ ರಜೆ ಕಳೆದು ವರ್ಷಕ್ಕೆ ಸುಮಾರು 240 ಅಂತ ಇಟ್ಕೊಳ್ಳಿ. ಟೆರ್ವಾಲದಲ್ಲಿ ರಜೆನೇ ಇಲ್ಲದೆ ಓಡಿಸಿದ್ರೂ ವರ್ಷಕ್ಕೆ 156. ಅಂದ್ರೆ ಪ್ರತಿ ವರ್ಷ 84 ಎಪಿಸೋಡ್ ಹಿಂದೆ ಬೀಳ್ತಾರೆ, ಶುರುವಲ್ಲೇ ಎರಡು ವರ್ಷ ಹಿಂದೆ ಇದ್ದವರು. ಸಾಲದ ಬಡ್ಡಿ ಥರ ಇದು, ಯಾರೂ ಏನೂ ತಪ್ಪು ಮಾಡ್ದೇನೇ ಬೆಳೀತಾ ಹೋಗುತ್ತೆ.

ಹೆರಾಲ್ಡ್ ಬಿಷಪ್ ಗೊತ್ತಲ್ಲ, ಗೊತ್ತಿಲ್ದಿದ್ರೂ ಪರವಾಗಿಲ್ಲ, ಕನ್ನಡಕ ಹಾಕ್ಕೊಂಡ ದಪ್ಪನೆಯ ಸಜ್ಜನ ಮನುಷ್ಯ, ಇಯಾನ್ ಸ್ಮಿತ್ ಅನ್ನೋ ನಟ ಮಾಡ್ತಿದ್ದ ಪಾತ್ರ. 1991ರಲ್ಲಿ ಹೆಂಡತಿ ಮ್ಯಾಡ್ಜ್ ಜೊತೆ ಸಮುದ್ರದ ದಡಕ್ಕೆ ಹೋಗಿದ್ದಾಗ ಬಂಡೆ ಮೇಲಿಂದ ಅಲೆ ಎಳ್ಕೊಂಡು ಹೋಯ್ತು, ಸಿಕ್ಕಿದ್ದು ಕನ್ನಡಕ ಮಾತ್ರ. ಹೆಣ ಸಿಗ್ಲಿಲ್ಲ ಅಂದ್ರೆ ಸೀರಿಯಲ್ ನೋಡೋರಿಗೆ ಆಗ್ಲೇ ಗೊತ್ತಾಗ್ಬೇಕು. 1996ರಲ್ಲಿ ವಾಪಸ್ ಬಂದ, ನೆನಪೆಲ್ಲ ಹೋಗಿದೆ, ಹೆಸರು ಟೆಡ್ ಅಂತಾನೆ, ಸಾಲ್ವೇಷನ್ ಆರ್ಮಿ ಅನ್ನೋ ಕ್ರೈಸ್ತ ಸೇವಾ ಸಂಸ್ಥೆಯವರ ಅಂಗಡಿಯಲ್ಲಿ ಹಳೇ ಪರಿಚಯದ ಹೆಲೆನ್ ಕಣ್ಣಿಗೆ ಬಿದ್ದ.

ಅವನು ನೀರುಪಾಲಾದ ಎಪಿಸೋಡು ನನ್ನ ಲೆಕ್ಕದಲ್ಲಿ ಒಂದೂವರೆ ಸಾವಿರ ದಾಟಿದ ಮೇಲೆ ಬರುತ್ತೆ. ವರ್ಷಕ್ಕೆ 156ರ ಲೆಕ್ಕದಲ್ಲಿ ಟೆರ್ವಾಲ ಅಲ್ಲಿಗೆ ಮುಟ್ಟೋದು 1996ರ ಕೊನೆಗೆ. ಅಂದ್ರೆ ಆಸ್ಟ್ರೇಲಿಯಾದಲ್ಲಿ ಹೆರಾಲ್ಡ್ ಬದುಕಿ ಬರೋ ಹೊತ್ತಿಗೇ ಟೆರ್ವಾಲದಲ್ಲಿ ಸಾಯ್ತಿದಾನೆ! ಇದನ್ನ ನಾನು ಹೊಂದಿಸಿದ್ದಲ್ಲ, ಲೆಕ್ಕ ಹಾಕಿದಾಗ ತಾನೇ ಬಂದು ಕೂತ್ಕೊಂಡಿದ್ದು, ಖುಷಿ ತಡೆಯಕ್ಕಾಗದೆ ಇನ್ನೊಂದ್ಸಲ ಹಾಕಿ ನೋಡ್ದೆ. ಟೆರ್ವಾಲದ ಜನ ಅಳ್ತಾ ಕೂತಿರುವಾಗ ಆಸ್ಟ್ರೇಲಿಯಾದಲ್ಲಿ ನೆಂಟರು ಇರೋರ ಮನೆಗೆ ಒಂದು ಕಾಗದ ಬರುತ್ತೆ, ನಿಮ್ಮ ಹೆರಾಲ್ಡು ಅಂಗಡಿಯಲ್ಲಿ ಕೆಲಸ ಮಾಡ್ತಾ ಇದಾನೆ ಕಣ್ರೇ ಅಂತ. ಆ ಮನೆಯವರು ಬೀದಿಯಲ್ಲಿ ಹೇಳ್ತಾರೆ, ಯಾರೂ ನಂಬಲ್ಲ, ನಂಬಿದವರು ಇವರ ಜೊತೆ ಮಾತು ಬಿಡ್ತಾರೆ. ಪತ್ರಿಕೆಗಳು ಬರೀಬೇಕೋ ಬೇಡ್ವೋ ಅಂತ ಸಂಪಾದಕರ ಮಧ್ಯೆ ಒಂದು ಒಪ್ಪಂದ ಆಗುತ್ತೆ, ಒಂದು ಪತ್ರಿಕೆ ಅದನ್ನ ಮುರಿಯುತ್ತೆ, ಅದರ ಕಛೇರಿಗೆ ಕಲ್ಲು ಬೀಳುತ್ತೆ. ಹೆರಾಲ್ಡ್ ಟೆರ್ವಾಲಕ್ಕೆ ವಾಪಸ್ ಬರೋದು 2004ರಲ್ಲಿ. ಎಂಟು ವರ್ಷ ಆ ದೇಶದಲ್ಲಿ ಎರಡು ಪಂಗಡ, ಬರ್ತಾನೆ ಅನ್ನೋರು, ಬರಲ್ಲ ಅನ್ನೋರು.

ಇನ್ನೊಂದು ಸಂಕಟ, ನಡುವೆ ಎಲ್ಲೋ ಆ ಹವಾಮಾನ ವರದಿಯವನು ರಿಟೈರ್ ಆದ. ಒಂದು ಸೋಮವಾರ ಇಡೀ ರಾಮ್ಸೆ ಸ್ಟ್ರೀಟಿನ ದನಿ ಬದಲಾಯ್ತು, ನಾಯಿ ಒಂದು ಬಿಟ್ಟು. ನಿಜವಾದ ಸೀರಿಯಲ್ಲುಗಳಲ್ಲಿ ಒಂದು ಪಾತ್ರಕ್ಕೆ ನಟ ಬದಲಾದ್ರೇ ಜನ ತಿಂಗಳುಗಟ್ಟಲೆ ಗೊಣಗ್ತಾರೆ, ಇಲ್ಲಿ ಎಲ್ಲರೂ ಒಟ್ಟಿಗೇ ಬದಲಾದ್ರು. ಹೊಸಬನಿಗೆ ಸ್ವಲ್ಪ ಭಾವ ತುಂಬಿ ಓದೋ ಚಟ ಇತ್ತು, ಅದೇ ದೊಡ್ಡ ತಪ್ಪಾಯ್ತು, ಮೊದಲಿನ ಸಪ್ಪೆ ದನಿಗೇ ಜನ ಒಗ್ಗಿ ಹೋಗಿದ್ರಲ್ಲ. ಎರಡನೇ ಭಾಷೆಯವರಿಗೆ ಸಬ್‌ಟೈಟಲ್ ಕೊಡಬೇಕು ಅನ್ನೋ ಗಲಾಟೆ ಬೇರೆ ಇದೆ, ಅದರ ಬಗ್ಗೆ ಬರೆಯೋಕೆ ಹೋದ್ರೆ ಟೆರ್ವಾಲದ ಸಂವಿಧಾನ ಬರೀಬೇಕಾಗುತ್ತೆ, ಇವತ್ತು ಬೇಡ.

ಸೀರಿಯಲ್ಲುಗಳೇ ಸುಳ್ಳು ದೇಶ ಕಟ್ಟಿದ್ದೂ ಉಂಟು. ಅಮೆರಿಕದ ಡೈನಾಸ್ಟಿಯಲ್ಲಿ 1985ರ ಮೇ ತಿಂಗಳಲ್ಲಿ ಮೊಲ್ಡಾವಿಯಾ ಅಂತ ಒಂದು ರಾಜ್ಯ ಮಾಡಿ ರಾಜಕುಮಾರನ ಮದುವೆ ಇಟ್ಟು, ಚರ್ಚಿಗೆ ಬಂದೂಕುಧಾರಿಗಳನ್ನ ನುಗ್ಗಿಸಿ ಸೀಸನ್ ಮುಗಿಸಿದ್ರು, ಯಾರು ಸತ್ರು ಅಂತ ತಿಳಿಯೋಕೆ ತಿಂಗಳುಗಟ್ಟಲೆ ಕಾಯಬೇಕಾಯ್ತು. ನನಗೆ ಅದು ಅಷ್ಟಕ್ಕಷ್ಟೇ, ಅದು ಬರೀ ಸೆಟ್ಟು, ಅಲ್ಲಿ ಜನ ಸಂಜೆ ಮನೆಗೆ ಬಂದು ಏನು ನೋಡ್ತಾರೆ ಅಂತ ಯಾರಿಗೂ ಗೊತ್ತಿಲ್ಲ. ಬ್ರಿಟನ್ನಿನ ಈಸ್ಟ್ಎಂಡರ್ಸ್ ಇದಕ್ಕಿಂತ ವಾಸಿ, 1985ರಲ್ಲಿ ಶುರು ಮಾಡಿದಾಗ ವಾಲ್‌ಫರ್ಡ್ ಅನ್ನೋ ಇಲ್ಲದ ಬಡಾವಣೆಗೆ ಲಂಡನ್ನಲ್ಲಿ ಇಲ್ಲದ ಇ20 ಅನ್ನೋ ಪೋಸ್ಟ್‌ಕೋಡ್ ಕೊಟ್ರು, 2011ರಲ್ಲಿ ಒಲಿಂಪಿಕ್ ಪಾರ್ಕಿಗೆ ಅದೇ ನಂಬರನ್ನ ನಿಜವಾಗ್ಲೂ ಕೊಟ್ಟುಬಿಟ್ರು. ಪೋಸ್ಟ್‌ಕೋಡಿನಂಥ ಬೋರು ವಿಷಯಕ್ಕೇ ಇಷ್ಟು ಬಲ ಇರೋದು ನೋಡಿ, ರಾಜಕುಮಾರನಿಗಿಲ್ಲ.

ವಾಪಸ್ ನೇಬರ್ಸಿಗೆ. 2008ರಲ್ಲಿ ಬ್ರಿಟನ್ನಿನಲ್ಲಿ ಅದು ಬಿಬಿಸಿಯಿಂದ ಚಾನೆಲ್ 5ಕ್ಕೆ ಹೋಯ್ತು. ಆಸ್ಟ್ರೇಲಿಯಾದಲ್ಲಿ 2011ರಲ್ಲಿ ಟೆನ್‌ನವರು ಅದನ್ನ ಮುಖ್ಯ ಚಾನೆಲ್ಲಿಂದ ಇಲೆವೆನ್ ಅನ್ನೋ ಸಣ್ಣ ಚಾನೆಲ್ಲಿಗೆ ತಳ್ಳಿದ್ರು. ಅಲ್ಲಿಗೆ ಈ ಸೀರಿಯಲ್ ಸ್ವಂತ ಊರಿಗಿಂತ ಬೇರೆಯವರ ದುಡ್ಡಲ್ಲಿ ಬದುಕೋ ಹಾಗಾಯ್ತು. 2022ರಲ್ಲಿ ಚಾನೆಲ್ 5 ನಮಗೆ ಸಾಕು ಅಂದಿದ್ದೇ ತಡ, ಬದಲಿಗೆ ಬ್ರಿಟನ್ನಿನಲ್ಲಿ ಇನ್ನೊಬ್ರು ಸಿಗದೆ ಮೆಲ್ಬರ್ನಿನಲ್ಲಿ ಶೂಟಿಂಗೇ ನಿಂತುಹೋಯ್ತು. ಜುಲೈ 28ಕ್ಕೆ ಕೊನೇ ಎಪಿಸೋಡು, ಕೈಲಿ, ಜೇಸನ್, ಗೈ ಪಿಯರ್ಸ್ ಎಲ್ಲಾ ಬಂದಿದ್ರು, ಆ ಹೊತ್ತಿಗೆ ಎರಡು ದೇಶದಲ್ಲೂ ಒಂದೇ ದಿನ ಪ್ರಸಾರ, ಹಿಂದೆ ಬೀಳೋ ಸುಖವೇ ಇಲ್ಲ. ಆಮೇಲೆ ಅಮೆಜಾನ್ ಬಂದು 2023ರ ಸೆಪ್ಟೆಂಬರಿನಲ್ಲಿ ಮತ್ತೆ ಎಬ್ಬಿಸ್ತು, 2025ರ ಡಿಸೆಂಬರಿನಲ್ಲಿ ಮತ್ತೆ ಮುಗೀತು.

ಎಲ್ಲಾ ಕಡೆ ಜನ ಅಳ್ತಿದ್ರೆ ಟೆರ್ವಾಲದಲ್ಲಿ ಏನೂ ಆಗ್ಲಿಲ್ಲ. 2022ರಲ್ಲಿ ಅಲ್ಲಿ ಬರ್ತಾ ಇದ್ದಿದ್ದು 2008ರ ಎಪಿಸೋಡುಗಳು, ಎಲ್ಲರ ಕೈಯಲ್ಲೂ ಬಟನ್ ಫೋನು. ಗೋಡೌನಿನಲ್ಲಿ ಇನ್ನೂ ಮೂರು ಸಾವಿರದ ಮೇಲೆ ಎಪಿಸೋಡ್ ಇದೆ. ಪಾರ್ಲಿಮೆಂಟಿನಲ್ಲಿ ಯಾರೋ ಪ್ರಶ್ನೆ ಕೇಳಿದ್ದಕ್ಕೆ ಪ್ರಸಾರ ಖಾತೆಯ ಮಂತ್ರಿ ಎದ್ದು ನಿಂತು 2044ರ ತನಕ ಯಾವ ತೊಂದರೆಯೂ ಇಲ್ಲ ಅಂತ ಉತ್ತರ ಕೊಟ್ಟ. ಅಮೆಜಾನ್ ಮಾಡಿದ ನಾನೂರು ಚಿಲ್ಲರೆ ಎಪಿಸೋಡುಗಳನ್ನೂ ಸೇರಿಸ್ಕೊಂಡ್ರೆ 2047ರ ತನಕ ಓಡುತ್ತೆ, ಆದ್ರೆ ಅದನ್ನ ಕೊಳ್ಳೋಕೆ ಟೆಂಡರ್ ಕರೀಬೇಕಂತೆ, ಫೈಲು ಹಣಕಾಸು ಇಲಾಖೆಯಲ್ಲಿದೆ.