ಮಾಲಿಬು, ಅಕಾರ್ಡ್, ಕ್ಯಾಮ್ರಿ: ಬೇಸ್ ಮಾಡೆಲ್ಲಿನ ಲೆಕ್ಕ

ನನ್ನ ಹೆಂಡತಿಯ ತಮ್ಮ ಪುಣೆ ಬಳಿಯ ನಿಗಡಿಯಲ್ಲಿ ಮನೆ ಮಾಡಿಕೊಂಡು ಇಪ್ಪತ್ತು ವರ್ಷ ದಾಟಿತು. ಅವನ ಬಳಿ 2012ರ ಷೆವರ್ಲೆ ಕ್ರೂಜ಼್ ಇದೆ, ಎರಡು ಲೀಟರಿನ ಡೀಸೆಲ್. ಆ ಕಾರಿನ ಮೇಲೆ ಅವನಿಗೆ ಸ್ವಂತ ಊರಾದ ವಿಜಯಪುರದ ಮೇಲಿರುವಷ್ಟೇ ಅಭಿಮಾನ. ಕಳೆದ ಭಾನುವಾರ ಅವಲಕ್ಕಿ ತಿನ್ನುತ್ತ ಕುಳಿತಿದ್ದಾಗ ಅವನು ಕೇಳಿದ: "ಅಲ್ರೀ ಭಾವಾ, ಸೆಡಾನ್ ಕಾರು ಅಂದ್ರನ ಅಮೆರಿಕಾ. ಅವ್ರ ಮಾಡೂದು ಬಿಟ್ರಂದ್ರ ಹೆಂಗ?" ಮೂರು ತಿಂಗಳು ಒಹಾಯೊದಲ್ಲಿ ಮಗಳ ಮನೆಯಲ್ಲಿದ್ದು ಬಂದವನು ನಾನು, ಅಲ್ಲಿ ಮಗಳ ಷೆವರ್ಲೆ ಮಾಲಿಬು, ಅಳಿಯನ ಹೊಂಡಾ ಅಕಾರ್ಡ್ ಎರಡನ್ನೂ ಓಡಿಸಿದ್ದೆ. ಅದಕ್ಕೂ ಮೊದಲು ಪುಣೆ ಬಳಿಯ ಭೋಸರಿಯ ಮಷೀನ್ ಶಾಪ್ ಒಂದರಲ್ಲಿ ಕ್ರ್ಯಾಂಕ್‌ಶಾಫ್ಟ್‌ಗಳ ನಡುವೆ ಮೂವತ್ತು ವರ್ಷ ಕಳೆದಿದ್ದೆ. ಅವನಿಗೆ ಅಂದು ಕೊಟ್ಟ ಉತ್ತರ ಅರ್ಧಂಬರ್ಧವಾಗಿತ್ತು. ಪೂರ್ತಿ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ಅಳತೆಯ ವಿಷಯ. ನಮ್ಮಲ್ಲಿ ದೊಡ್ಡ ಕಾರೆಂದು ಬೀದಿಯವರೆಲ್ಲ ತಿರುಗಿ ನೋಡುತ್ತಿದ್ದ ಕ್ರೂಜ಼್ ಅಮೆರಿಕದಲ್ಲಿ ಸಣ್ಣ ಕಾರುಗಳ ಸಾಲಿನದು. ಅದಕ್ಕಿಂತ ಒಂದು ಮೆಟ್ಟಿಲು ಮೇಲಿನದು ಅಲ್ಲಿಯ ಮಧ್ಯಮ ಗಾತ್ರದ ಸೆಡಾನ್, ಅಂದರೆ ಹಿಂದೆ ಬೇರೆಯೇ ಡಿಕ್ಕಿಯಿರುವ ಕಾರು. ಷೆವರ್ಲೆ ಮಾಲಿಬು, ಫೋರ್ಡ್ ಫ್ಯೂಷನ್, ಕ್ರೈಸ್ಲರ್ 200 ಅಮೆರಿಕದ ಕಡೆಯವು. ಟೊಯೊಟಾ ಕ್ಯಾಮ್ರಿ, ಹೊಂಡಾ ಅಕಾರ್ಡ್, ನಿಸ್ಸಾನ್ ಆಲ್ಟಿಮಾ, ಹ್ಯುಂಡೈ ಸೊನಾಟಾ ಎದುರಾಳಿಗಳು. ಕ್ರೈಸ್ಲರ್ 200 2016ರ ಡಿಸೆಂಬರಿನಲ್ಲಿ ನಿಂತಿತು. ಸೆಡಾನ್‌ಗಳನ್ನು ಕೈಬಿಡುವುದಾಗಿ ಫೋರ್ಡ್ 2018ರ ಏಪ್ರಿಲ್‌ನಲ್ಲಿ ಹೇಳಿತು, 2020ರಲ್ಲಿ ಫ್ಯೂಷನ್ ಮುಗಿಯಿತು. ಕಡೆಯದಾಗಿ ಉಳಿದಿದ್ದ ಮಾಲಿಬು ಕಾನ್ಸಾಸ್‌ನ ಫೇರ್‌ಫ್ಯಾಕ್ಸ್ ಕಾರ್ಖಾನೆಯಿಂದ ಹೊರಬರುವುದು 2024ರ ನವೆಂಬರಿನಲ್ಲಿ ನಿಂತಿತು. ಟೆಸ್ಲಾ ಮಾಡೆಲ್ 3 ಇದೆಯಲ್ಲ ಎಂದು ಯಾರಾದರೂ ಕೇಳಬಹುದು. ಇದೆ, ಆದರೆ ನಾನು ಬರೆಯುತ್ತಿರುವುದು ಎಂಜಿನ್ನಿನ ಬಗ್ಗೆ, ಅದಕ್ಕೆ ಎಂಜಿನ್ನೇ ಇಲ್ಲ.

ಕಾರುಗಳನ್ನು ಹೋಲಿಸುವವರು ಸಾಮಾನ್ಯವಾಗಿ ಅತಿ ಮೇಲಿನ ಮಾಡೆಲ್ಲಿನ ಎಂಜಿನ್ ಹಿಡಿದು ವಾದಿಸುತ್ತಾರೆ. ಹಾಗೆ ನೋಡಿದರೆ ಅಮೆರಿಕದವರು ಎಲ್ಲಿಯೂ ಹಿಂದೆ ಬಿದ್ದಿರಲಿಲ್ಲ. ಮಾಲಿಬುವಿನ 2.0 ಲೀಟರ್ ಟರ್ಬೊ ಎಂಜಿನ್ (ಹೊರಹೋಗುವ ಬಿಸಿ ಹೊಗೆಯಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುರುಕುವ ಪಂಪಿರುವುದು) 250 ಅಶ್ವಶಕ್ತಿಯದು, ಅಕಾರ್ಡ್‌ನ 2.0 ಲೀಟರ್ ಟರ್ಬೊ 252. ಕ್ರೈಸ್ಲರ್ 200ರ 3.6 ಲೀಟರ್ ವಿ6 (ಆರು ಸಿಲಿಂಡರಿನದು) 295, ಕ್ಯಾಮ್ರಿಯ 3.5 ಲೀಟರ್ ವಿ6 301. ಫ್ಯೂಷನ್ ಸ್ಪೋರ್ಟ್ ಅಂತೂ 2.7 ಲೀಟರಿನಲ್ಲಿ ಎರಡು ಟರ್ಬೊ ಇಟ್ಟುಕೊಂಡು 325 ಅಶ್ವಶಕ್ತಿ ಕೊಡುತ್ತಿತ್ತು, ನಾಲ್ಕೂ ಚಕ್ರಗಳಿಗೆ. ಆ ಕಾರಿನಲ್ಲಿ ಇನ್ನೊಂದು ಸೌಲಭ್ಯವಿತ್ತು: ಚಕ್ರ ಗುಂಡಿಯ ಅಂಚಿಗೆ ಬಂದದ್ದನ್ನು ಹನ್ನೆರಡು ಸೆನ್ಸರ್‌ಗಳಿಂದ ಗ್ರಹಿಸಿ, ಶಾಕ್ ಅಬ್ಸಾರ್ಬರನ್ನು ಆ ಕ್ಷಣದಲ್ಲೇ ಬಿಗಿ ಮಾಡಿ, ಚಕ್ರ ಗುಂಡಿಯ ತಳಕ್ಕೆ ಬೀಳದಂತೆ ತಡೆಯುವುದು. ಮಳೆಗಾಲದ ಚಾಕಣ ರಸ್ತೆಗೆ ಆ ಕಾರನ್ನು ತಂದು ಬಿಟ್ಟಿದ್ದರೆ ಸೆನ್ಸರ್‌ಗಳಿಗೆ ಉಸಿರಾಡಲು ಪುರುಸೊತ್ತು ಸಿಗುತ್ತಿರಲಿಲ್ಲ.

ಆದರೆ ಶೋರೂಮಿಗೆ ಬಂದವರಲ್ಲಿ ಹೆಚ್ಚಿನವರು ಕೊಂಡೊಯ್ಯುವುದು ಆ ಎಂಜಿನ್ನನ್ನಲ್ಲ. ಆಫೀಸು, ಶಾಲೆ, ದಿನಸಿ ಎಂದು ಓಡಾಡುವ ಸಂಸಾರಸ್ಥರು ಕೆಳಗಿನ, ಅಂದರೆ ಬೇಸ್ ಮಾಡೆಲ್ಲಿನ ಎಂಜಿನ್ನನ್ನೇ ತೆಗೆದುಕೊಳ್ಳುತ್ತಾರೆ, ಹೋಲಿಕೆ ನಡೆಯಬೇಕಾದದ್ದೂ ಅಲ್ಲಿಯೇ. ಮಗಳ ಮನೆಯ ಎರಡು ಕಾರುಗಳು ಇದಕ್ಕೆ ಹೇಳಿ ಮಾಡಿಸಿದ ಜೋಡಿ. ಮಾಲಿಬು 2019ರದು, ಅಕಾರ್ಡ್ 2018ರದು. ಎರಡರಲ್ಲೂ 1.5 ಲೀಟರ್ ಟರ್ಬೊ, ಎರಡಕ್ಕೂ ಹಲ್ಲಿನ ಗೇರುಗಳ ಬದಲು ಬೆಲ್ಟಿನಿಂದ ವೇಗ ಹೊಂದಿಸುವ ಸಿವಿಟಿ ಗೇರ್‌ಬಾಕ್ಸ್, ಎರಡರ ತೂಕವೂ ಸುಮಾರು 1,400 ಕಿಲೊ, ಎರಡೂ ಕುಡಿಯುವುದು ಸಾದಾ ಪೆಟ್ರೋಲ್. ಇಷ್ಟೆಲ್ಲ ಒಂದೇ ಆಗಿದ್ದರೂ ಮಾಲಿಬುವಿನ ಶಕ್ತಿ 160, ಅಕಾರ್ಡಿನದು 192.

ಈ 32ರ ಅಂತರ ಎಲ್ಲಿಂದ ಬಂತೆಂಬುದನ್ನು ಟಾರ್ಕ್, ಅಂದರೆ ಎಂಜಿನ್ನಿನ ತಿರುಗಿಸುವ ಬಲ ನೋಡಿದರೆ ತಿಳಿಯುತ್ತದೆ. ಮಾಲಿಬು 2,500ರಿಂದ 3,000 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಸುತ್ತುವ ಸುತ್ತುಗಳು) ನಡುವೆ ಸುಮಾರು 250 ನ್ಯೂಟನ್ ಮೀಟರ್ ಕೊಡುತ್ತದೆ, ಅಕಾರ್ಡ್ ಸುಮಾರು 260. ಇದು ದೊಡ್ಡ ಅಂತರವೇ ಅಲ್ಲ. ಆದರೆ ಅಕಾರ್ಡ್ ತನ್ನ 260ನ್ನು 1,600ರಲ್ಲೇ ತಲುಪಿ 5,000 ಆರ್‌ಪಿಎಂವರೆಗೂ ಹಿಡಿದಿಟ್ಟುಕೊಳ್ಳುತ್ತದೆ. ಮಾಲಿಬುವಿನದು 3,000 ದಾಟಿದ ಮೇಲೆ ಇಳಿಯತೊಡಗುತ್ತದೆ. ಅಶ್ವಶಕ್ತಿಯೆಂದರೆ ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿದ ಲೆಕ್ಕವಷ್ಟೇ ಆದ್ದರಿಂದ, 5,700 ಆರ್‌ಪಿಎಂನಲ್ಲಿ 160 ಅಶ್ವಶಕ್ತಿ ಬರಬೇಕಾದರೆ ಅಲ್ಲಿ ಉಳಿದಿರುವ ಟಾರ್ಕ್ ಸುಮಾರು 200 ನ್ಯೂಟನ್ ಮೀಟರ್ ಎಂದಾಯಿತು. ಊರೊಳಗೆ ಸಿಗ್ನಲಿನಿಂದ ಸಿಗ್ನಲಿಗೆ ಹೋಗುವಾಗ ಇದು ಗೊತ್ತೇ ಆಗುವುದಿಲ್ಲ. ಮಾಲಿಬು ಹಿತವಾಗಿ, ಸದ್ದಿಲ್ಲದೆ ಸಾಗುತ್ತದೆ. ಹೈವೇಗೆ ಸೇರುವ ಇಳಿಜಾರಿನ ರ‍್ಯಾಂಪಿನಲ್ಲಿ, ಎಡಗಡೆಯಿಂದ ಹದಿನೆಂಟು ಚಕ್ರದ ಟ್ರಕ್ಕೊಂದು ಬರುತ್ತಿರುವುದನ್ನು ಕನ್ನಡಿಯಲ್ಲಿ ಕಂಡು ಎಕ್ಸಲರೇಟರ್ ಒತ್ತಿದಾಗ ಮಾತ್ರ ಅಂಗಾಲಿಗೆ ತಿಳಿಯುತ್ತದೆ. ಅಕಾರ್ಡ್ ಇನ್ನೂ ಎಳೆಯುತ್ತಿರುತ್ತದೆ, ಮಾಲಿಬು ತನ್ನ ಮಾತು ಮುಗಿಸಿರುತ್ತದೆ.

ಕ್ಯಾಮ್ರಿ ಹಿಡಿದ ದಾರಿ ಬೇರೆ. 2018ರ ಕ್ಯಾಮ್ರಿಯ ಬೇಸ್ ಎಂಜಿನ್ 2.5 ಲೀಟರಿನದು, ಟರ್ಬೊ ಇಲ್ಲ. ಟಾರ್ಕ್ ಮಾಲಿಬುವಿನಷ್ಟೇ, 250 ನ್ಯೂಟನ್ ಮೀಟರ್. ಆದರೆ ಅದು ಸಿಗುವುದು 5,000 ಆರ್‌ಪಿಎಂನಲ್ಲಿ, ಹಾಗಾಗಿ ಶಕ್ತಿ 203ಕ್ಕೆ ಏರುತ್ತದೆ. ಟರ್ಬೊ ಇಲ್ಲದ ಎಂಜಿನ್ ಹಳೆಯ ಕಾಲದ್ದೆಂದು ಮೂಗು ಮುರಿಯುವವರಿದ್ದಾರೆ. ಮಷೀನ್ ಶಾಪಿನಲ್ಲಿ ದುಡಿದ ನನಗೆ ಬಿಸಿಗಾಳಿಯಲ್ಲಿ ತಿರುಗುವ ಭಾಗ ಒಂದು ಕಡಿಮೆಯಿದ್ದರೆ ಅಷ್ಟು ನೆಮ್ಮದಿ. ನಿಸ್ಸಾನ್ ಎಂಜಿನಿಯರರದ್ದು ಇನ್ನೂ ಒಂದು ಕೈ ಮುಂದೆ: ಪಿಸ್ಟನ್ ಎಷ್ಟು ಮೇಲಕ್ಕೆ ಬರಬೇಕೆಂಬುದನ್ನೇ ಓಡುತ್ತಿರುವಾಗ ಬದಲಿಸಿ, ಕಂಪ್ರೆಷನ್ ಅನುಪಾತವನ್ನು (ಸಿಲಿಂಡರಿನೊಳಗಿನ ಗಾಳಿಯನ್ನು ಎಷ್ಟು ಪಟ್ಟು ಒತ್ತುವುದೆಂಬ ಲೆಕ್ಕ) 8ರಿಂದ 14ರವರೆಗೆ ಆಡಿಸುವ 2.0 ಲೀಟರ್ ಟರ್ಬೊವನ್ನು 2019ರ ಆಲ್ಟಿಮಾದಲ್ಲಿ ಕೂರಿಸಿದರು. ಕ್ರ್ಯಾಂಕ್‌ಶಾಫ್ಟಿಗೂ ಕನೆಕ್ಟಿಂಗ್ ರಾಡಿಗೂ ನಡುವೆ ಹೆಚ್ಚುವರಿ ಲಿಂಕ್ ಸೇರಿಸಿ ಮಾಡಿದ ಆ ಏರ್ಪಾಡಿನ ಚಿತ್ರವನ್ನು ನಾನು ಒಂದು ಗಂಟೆ ನೋಡಿದ್ದೇನೆ. ಅದಕ್ಕೆ ಬೇಕಾದ ಟಾಲರೆನ್ಸ್, ಅಂದರೆ ಅಳತೆಯ ನಿಖರತೆ ನೆನೆದರೆ ಈಗಲೂ ಬೆವರು ಬರುತ್ತದೆ. ಕೊಳ್ಳುವವನಿಗೆ ಅದರಿಂದ ಎಷ್ಟು ಲಾಭವಾಯಿತೆಂಬುದು ಬೇರೆ ಮಾತು. ಕೊಂಡವರಲ್ಲಿ ಹೆಚ್ಚಿನವರು ಸಾದಾ 2.5 ಲೀಟರನ್ನೇ ಒಯ್ದರು. ಸೊನಾಟಾದ ಬಗ್ಗೆ ಹೇಳಬೇಕಾದದ್ದು ಎಂಜಿನ್‌ಗಿಂತ ಅದರ ವಾರಂಟಿ. ಬೇರೆಯವರು ಎಂಜಿನ್ ಮತ್ತು ಗೇರ್‌ಬಾಕ್ಸಿಗೆ ಐದು ವರ್ಷ, 60,000 ಮೈಲು ಎನ್ನುವಾಗ ಹ್ಯುಂಡೈ ಹತ್ತು ವರ್ಷ, ಒಂದು ಲಕ್ಷ ಮೈಲು ಎನ್ನುತ್ತದೆ.

ನಿಜವಾದ ತೀರ್ಮಾನವಾದದ್ದು ಎಂಜಿನ್ ಜೊತೆ ಬ್ಯಾಟರಿಯ ಮೋಟಾರೂ ಇರುವ ಹೈಬ್ರಿಡ್‌ನಲ್ಲಿ ಎಂದು ನನ್ನ ಎಣಿಕೆ. ಮಾಲಿಬುವಿಗೂ ಒಂದು ಹೈಬ್ರಿಡ್ ಇತ್ತು, ಷೆವರ್ಲೆಯದೇ ವೋಲ್ಟ್ ಕಾರಿನಿಂದ ತಂತ್ರ ಪಡೆದ 182 ಅಶ್ವಶಕ್ತಿಯ ಒಳ್ಳೆಯ ವ್ಯವಸ್ಥೆ. 2019ರ ನಂತರ ಅದನ್ನು ನಿಲ್ಲಿಸಿದರು. 2022 ಮುಗಿಯುವಾಗ ಹೊಂಡಾ ಮತ್ತು ಷೆವರ್ಲೆ ಎರಡೂ ತಮ್ಮ ದೊಡ್ಡ 2.0 ಲೀಟರ್ ಟರ್ಬೊ ಕೈಬಿಟ್ಟವು. ಆ ಜಾಗಕ್ಕೆ ಹೊಂಡಾ 204 ಅಶ್ವಶಕ್ತಿಯ ಹೈಬ್ರಿಡ್ ತಂದಿತು. ಷೆವರ್ಲೆ ಏನನ್ನೂ ತರಲಿಲ್ಲ, ಆ 1.5 ಲೀಟರ್ ಒಂದೇ ಉಳಿಯಿತು. ಟೊಯೊಟಾ 2025ರ ಮಾಡೆಲ್ಲಿನಿಂದ ಕ್ಯಾಮ್ರಿಯನ್ನು ಬರೀ ಹೈಬ್ರಿಡ್ ಮಾಡಿ, ಬೇಸ್ ಮಾಡೆಲ್ಲಿಗೇ 225 ಅಶ್ವಶಕ್ತಿ ಕೊಟ್ಟಿತು. ಅಲ್ಲಿಯ ಸರ್ಕಾರಿ ಅಳತೆಯಲ್ಲಿ 2019ರ ಮಾಲಿಬು ಗ್ಯಾಲನ್ನಿಗೆ 32 ಮೈಲು, ಅಂದರೆ ನಮ್ಮ ಲೆಕ್ಕದಲ್ಲಿ ಲೀಟರಿಗೆ ಹದಿಮೂರೂವರೆ ಕಿಲೋಮೀಟರ್; ಅದೇ ಕಾಲದ ಕ್ಯಾಮ್ರಿ ಹೈಬ್ರಿಡ್‌ನ ಎಲ್‌ಇ ಮಾಡೆಲ್ 52 ಮೈಲು, ಅಂದರೆ ಇಪ್ಪತ್ತೆರಡು. ಈ ಕ್ಯಾಮ್ರಿಯನ್ನು ನಮ್ಮ ದೇಶಕ್ಕಾಗಿ ಜೋಡಿಸುವುದು ಬಿಡದಿಯಲ್ಲಿ ಎಂದಾಗ ಭಾವಮೈದುನ ಅವಲಕ್ಕಿ ತಟ್ಟೆ ಕೆಳಗಿಟ್ಟ. ತಟ್ಟೆ ಇಡ್ಲಿಯ ಊರಿನ ಕಾರಿಗೆ ಸುಮಾರು 48 ಲಕ್ಷ ಎಂದು ಕೇಳಿದ ಮೇಲೆ ಮತ್ತೆ ಎತ್ತಿಕೊಂಡ.

ಸೌಲಭ್ಯಗಳಲ್ಲಿ ಅಮೆರಿಕದವರ ಜಾಣತನ ಎದ್ದು ಕಾಣುವ ಕಡೆಯೂ ಇದೆ. ಮಾಲಿಬುವಿನಲ್ಲಿ ಟೀನ್ ಡ್ರೈವರ್ ಎಂಬುದೊಂದಿದೆ, 2016ರಲ್ಲಿ ಬಂದದ್ದು. ಮಕ್ಕಳಿಗೆಂದು ಒಂದು ಕೀಲಿಯನ್ನು ನೋಂದಾಯಿಸಿಟ್ಟರೆ, ಆ ಕೀಲಿಯಲ್ಲಿ ಕಾರು ಚಾಲೂ ಆದಾಗ ಮುಂದೆ ಕುಳಿತವರು ಸೀಟ್ ಬೆಲ್ಟ್ ಹಾಕುವವರೆಗೆ ರೇಡಿಯೊ ಬಾಯಿ ಬಿಡುವುದಿಲ್ಲ. ಹದಿನಾರು ವರ್ಷದ ಮೊಮ್ಮಗನ ಕೀಲಿಯನ್ನು ತಿಳಿಯದೆ ಹಿಡಿದುಕೊಂಡು ಹೋದ ನಾನು, ಹಾಲಿನ ಅಂಗಡಿಯ ಮುಂದೆ ಕೂತು ರೇಡಿಯೊ ಕೆಟ್ಟಿತೆಂದು ಗುಂಡಿಗಳನ್ನೆಲ್ಲ ಒತ್ತಿ ನೋಡಿದೆ. ಸಂಜೆ ಮೊಮ್ಮಗ ಪರದೆಯ ಮೇಲೆ ವರದಿ ತೆರೆದು, ಅಜ್ಜ ಎಷ್ಟು ಮೈಲು ಹೋಗಿದ್ದರು, ಹೆಚ್ಚೆಂದರೆ ಎಷ್ಟು ವೇಗದಲ್ಲಿ ಹೋಗಿದ್ದರು ಎಂದು ಎಲ್ಲರೆದುರಿಗೆ ಓದಿದ. ಇಷ್ಟು ಸೂಕ್ಷ್ಮವಾಗಿ ಯೋಚಿಸಬಲ್ಲವರು, ಎದುರಿನ ವಾಹನಕ್ಕೆ ಗುದ್ದುವ ಮೊದಲು ತಾನಾಗಿ ಬ್ರೇಕ್ ಹಾಕುವ ವ್ಯವಸ್ಥೆಯನ್ನು ಅದೇ 2019ರಲ್ಲಿ ಮೇಲಿನ ಮಾಡೆಲ್‌ಗಳಿಗೆ ಮೀಸಲಿಟ್ಟರು. ಕ್ಯಾಮ್ರಿ ಮತ್ತು ಅಕಾರ್ಡ್‌ಗಳಲ್ಲಿ 2018ರಿಂದಲೇ ಅದು ಬೇಸ್ ಮಾಡೆಲ್ಲಿಗೂ ಬಂದಿತ್ತು. ಫೋರ್ಡ್ 2019ರ ಫ್ಯೂಷನ್‌ಗಳಿಗೆಲ್ಲ ಅದನ್ನು ಕೊಟ್ಟಿತು, ಆದರೆ ಅಷ್ಟರಲ್ಲಿ ಕಾರನ್ನೇ ನಿಲ್ಲಿಸುವ ಮಾತು ಹೊರಬಿದ್ದಿತ್ತು.

ಇಲ್ಲಿ ಅಮೆರಿಕದ್ದು, ಹೊರಗಿನದು ಎನ್ನುವ ಮಾತೇ ಸಡಿಲ. ಅಳಿಯನ ಅಕಾರ್ಡ್ ತಯಾರಾದದ್ದು ಅವರ ಮನೆಯಿಂದ ಒಂದು ಗಂಟೆ ದೂರದ ಮೇರಿಸ್‌ವಿಲ್‌ನಲ್ಲಿ, ಅಲ್ಲಿ ಹೊಂಡಾ 1982ರಲ್ಲೇ ಅಕಾರ್ಡ್ ಮಾಡತೊಡಗಿತ್ತು. ಕ್ಯಾಮ್ರಿ ಕೆಂಟಕಿಯ ಜಾರ್ಜ್‌ಟೌನ್‌ನದು. ಫ್ಯೂಷನ್ ಮಾತ್ರ ಬಹುಪಾಲು ಮೆಕ್ಸಿಕೊದ ಎರ್ಮೊಸಿಯೊದಿಂದ ಬರುತ್ತಿತ್ತು. ವಿಜಯಪುರದಿಂದ ಬಂದು ನಿಗಡಿಯವನಾದ ಭಾವಮೈದುನನಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ಷೆವರ್ಲೆ ಬೀಟ್ ತಯಾರಾಗುತ್ತಿದ್ದ ತಳೇಗಾಂವ್ ಕಾರ್ಖಾನೆಯನ್ನು ಈಗ ಹ್ಯುಂಡೈ ಕೊಂಡುಕೊಂಡಿರುವುದನ್ನು ಅವನೇ ನೆನಪಿಸಿದ.

ಕ್ರೂಜ಼್ ಬದಲಿಸುವ ಯೋಚನೆ ಅವನಿಗೆ ಬಂದಿದೆ. ಇಲ್ಲಿಯೇ ಚಾಕಣದಲ್ಲಿ ತಯಾರಾಗುವ ಫೋಕ್ಸ್‌ವ್ಯಾಗನ್ ವರ್ಟಸ್ ಮೇಲೆ ಕಣ್ಣು. 150 ಪಿಎಸ್‌ನ (ಪಿಎಸ್ ಎಂದರೆ ಹೆಚ್ಚುಕಡಿಮೆ ಅಶ್ವಶಕ್ತಿಯೇ) 1.5 ಲೀಟರನ್ನು ಓಡಿಸಿ ನೋಡಿ, ಅದರ ಎಳೆತವನ್ನು ಮೂರು ಸಲ ವರ್ಣಿಸಿದ. ಆದರೆ ಅವನ ಬಜೆಟ್ಟಿಗೆ ಹೊಂದುವುದು 115 ಪಿಎಸ್‌ನ 1.0 ಲೀಟರ್. ಹಾಗಿದ್ದರೆ ಅದನ್ನು ಓಡಿಸಿ ನೋಡಿದೆಯಾ ಎಂದು ಕೇಳಿದೆ. ಇಲ್ಲವಂತೆ. ಬರುವ ಶನಿವಾರ ಬೆಳಿಗ್ಗೆ ಎಂಟಕ್ಕೆ ಇಬ್ಬರೂ ಹೋಗುವವರಿದ್ದೇವೆ. ಕುಟುಂಬದ ತೂಕಕ್ಕೆ ಸರಿಯಾಗಲೆಂದು ನನ್ನ ಹೆಂಡತಿಯನ್ನೂ ಅವನ ಹೆಂಡತಿಯನ್ನೂ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು, ಎಸಿ ಹಾಕಿ, ಬೈಪಾಸಿನ ಕಾತ್ರಜ್ ಏರಿನಲ್ಲಿ ಓಡಿಸಬೇಕೆಂದು ತೀರ್ಮಾನವಾಗಿದೆ.